ಹಾಸಿಗೆಯ ಪಾಳಿ

ಸೂಪರ್‌ವೈಸರ್ ಸಾಹೇಬರಿಗೆ, ಪ್ಯಾಕಿಂಗ್ ವಿಭಾಗದವಳ ನಮಸ್ಕಾರ.

ನನ್ನನ್ನು ದಯವಿಟ್ಟು ರಾತ್ರಿ ಪಾಳಿಗೆ ಹಾಕಿ. ಬಿಸ್ಕತ್ ಒಲೆ ಹತ್ತಿರ ನಮ್ಮ ಯಜಮಾನರು ನಿಲ್ಲುತ್ತಿದ್ದ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲವಂತೆ.

ಫ್ಯಾಕ್ಟರಿ ಡಾಕ್ಟರು ನನಗೆ ದಿನಾ ಏಳೆಂಟು ಗಂಟೆ ನಿದ್ದೆ ಬೇಕೇ ಬೇಕು ಅಂದರು. ನಮ್ಮ ಯಜಮಾನರಿಗೂ ಇದನ್ನೇ ಹೇಳಿದ್ದರು. ಅದೇ ವಾರ ನೀವು ಅವರನ್ನು ಡಬಲ್ ಪಾಳಿಗೆ ನಿಲ್ಲಿಸಿಕೊಂಡಿರಿ. ಮನೆಗೆ ಬರುವಾಗ ಸೈಕಲ್ ಮೇಲೇ ಕಣ್ಣು ಹತ್ತಿತಂತೆ. ಎದುರಿಗೆ ಲಾರಿ. ಇರಲಿ, ಅದನ್ನು ಕೆದಕೋಕೆ ಬರೆಯುತ್ತಿಲ್ಲ.

ನಮ್ಮದು ಒಂದೇ ಕೋಣೆ, ಒಬ್ಬರು ಮಲಗುವಷ್ಟೇ ಮಂಚ. ರಾತ್ರಿ ನಾನು, ಹಗಲು ಅವರು. ಎದ್ದು ಹೋಗುವವರು ಬಿಸಿ ಆರದ ಹಾಗೆ ಕಂಬಳಿ ಮುಚ್ಚಿ ಹೋಗಬೇಕು ಅನ್ನೋದು ನಮ್ಮ ಕರಾರು. ಬೆಳಿಗ್ಗೆ ಗೇಟಿನಲ್ಲಿ ನನ್ನಿಂದ ಬೀಗದ ಕೈ ಇಸಕೊಳ್ಳುವಾಗ, "ಏನೇ, ನನ್ನ ಹಾಸಿಗೆ ಕಾಯಿಸಿಟ್ಟು ಬಂದೆಯಾ?" ಅಂತ ಎಲ್ಲರ ಎದುರೇ ಕೇಳೋರು. ನಾನು ನಾಚಿಕೊಂಡು ಒಳಗೆ ಓಡುತ್ತಿದ್ದೆ.

ಈಗ ಮಂಚ ಹಗಲೂ ರಾತ್ರಿ ನನ್ನೊಬ್ಬಳದೇ. ಡಾಕ್ಟರು ಹೇಳಿದಷ್ಟು ಹೊತ್ತೂ ಬಿದ್ದುಕೊಂಡಿರುತ್ತೇನೆ, ರೆಪ್ಪೆಗೆ ರೆಪ್ಪೆ ಅಂಟೋದಿಲ್ಲ. ತಣ್ಣನೆ ಹಾಸಿಗೆಯಲ್ಲಿ ಮಲಗಿ ನನಗೆ ಅಭ್ಯಾಸವಿಲ್ಲ, ಸಾಹೇಬರೇ. ಅವರು ಮಲಗುತ್ತಿದ್ದ ಹೊತ್ತಿನಲ್ಲಿ ಮಲಗಿದರಾದರೂ ನಿದ್ದೆ ಬಂದೀತೇನೋ.

ಆಗುತ್ತೋ ಇಲ್ಲವೋ ಇವತ್ತೇ ತಿಳಿಸಿ. ಬೆಳಿಗ್ಗೆ ಮತ್ತೆ ಕಂಬಳಿ ಮುಚ್ಚಿಟ್ಟು ಬಂದಿದ್ದೇನೆ.

ಇಂತಿ,
ಒಲೆಯವರ ಹೆಂಡತಿ