ಮೂರು ಕೋಟು ಕಪ್ಪು ಬಣ್ಣ

ಮಾರ್ಚ್ ೯, ಭಾನುವಾರ.

ಅಪ್ಪನ ಹಳೇ ಕಾರು ಇವತ್ತೂ ಏರು ಹತ್ತುವಷ್ಟರಲ್ಲಿ ಎಂಜಿನ್ ಕಾದು ನಿಂತುಹೋಯಿತು. ಕಾರ್ಬುರೇಟರ್ ಜೋಡಿಸಿದವಳು ಅಕ್ಕ. ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ, ಅದು ಬರುವ ಜೆಟ್ಟಿನ ತೂತು ಕಟ್ಟಿದೆ ಅಂತ ಮೂರು ವಾರದಿಂದ ಅವಳನ್ನೇ ದೂರುತ್ತಿದ್ದೇನೆ. ಎರಡು ಸಲ ಮತ್ತೆ ಬಿಚ್ಚಿ ತೊಳೆದಳು ಪಾಪ.

ಇವತ್ತು ಅವಳು ಎಂಜಿನ್ ತಣಿಸುವ ರೇಡಿಯೇಟರ್ ಹಿಂದೆ ಟಾರ್ಚ್ ಹಿಡಿದಳು. ಬೆಳಕು ಈಚೆಗೆ ಬರಲೇ ಇಲ್ಲ.

"ಎಷ್ಟು ಕೋಟು ಬಣ್ಣ ಹೊಡ್ದಿದೀಯೋ ಇದಕ್ಕೆ?"

"ಮೂರು. ಹಳೇ ಕಾರುಗಳ ಪ್ರದರ್ಶನದಲ್ಲಿ ಹೊಳೀಲಿ ಅಂತ."

"ಗಾಳಿ ಎಲ್ಲಿಂದ ಹೋಗ್ಬೇಕು?"

ಸಂದಿಯೆಲ್ಲ ಬಣ್ಣ ಕೂತು ಮುಚ್ಚಿಹೋಗಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆಯನ್ನು ಅಕ್ಕ ಹೇಳಲಿಲ್ಲ, ನನಗೇ ನೆನಪಾಯಿತು. ಬಣ್ಣ ಕರಗಿಸುವ ಥಿನ್ನರ್‌ನಲ್ಲಿ ಅದ್ದಿದ ಬ್ರಷ್ ಒಂದನ್ನು ನನ್ನ ಕೈಗಿಟ್ಟಳು. ಕತ್ತಲಾಗುವವರೆಗೂ ಇಬ್ಬರೂ ಉಜ್ಜಿದೆವು. ಒಮ್ಮೆ ಬೈದುಬಿಟ್ಟಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.