ಜಿ-ಎಚ್ ಪದಗಳು ಮತ್ತು ಡೈರಿಯ ಬೀಗದ ಕೈ

ಮೇ 4, ಬೆಳಗ್ಗೆ 5.40

ಎರಡು ಹಸು ಕರೆದಾಯಿತು. ಇನ್ನು ಇಪ್ಪತ್ತು ಪದ. ಪಾಂಡವಪುರದಲ್ಲಿ ಟ್ಯೂಷನ್ ಹೇಳುವ ಭಾಗೀರಥಮ್ಮ ಮೇಡಂ ಕೊಟ್ಟ ಹೋಂವರ್ಕು — ಜಿ-ಎಚ್ ಇರುವ ಇಂಗ್ಲಿಷ್ ಪದಗಳು, ಅರ್ಥ ಸಮೇತ. ನೈಟ್, ರಾತ್ರಿ. ಲೈಟ್, ಬೆಳಕು. ಡಾಟರ್, ಮಗಳು. ವೇ, ತೂಗು. ರೈಟ್, ಸರಿ... ಹಕ್ಕು ಅಂತಲೂ ಹೌದಂತೆ. ಎಲ್ಲದರಲ್ಲೂ ಜಿ-ಎಚ್ ಕೂತಿದೆ, ಒಂದರಲ್ಲೂ ಬಾಯಿ ಬಿಡುವುದಿಲ್ಲ. ದರಿದ್ರದವು!

ಇದೇ ಇಂಗ್ಲಿಷಿನಲ್ಲಿ ಹದಿನೆಂಟು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಫೇಲಾದೆ. ಆರು ಮಾರ್ಕಿಗೆ. ಆ ಬೇಸಿಗೆಯಲ್ಲೇ ಚಿನಕುರಳಿಗೆ ಮದುವೆ ಮಾಡಿ ಕಳಿಸಿದರು. ಈಗ ಬಿಡುವುದಿಲ್ಲ. ನಮ್ಮೂರ ಮಹಿಳಾ ಹಾಲಿನ ಡೈರಿಯ ಸೆಕ್ರೆಟರಿ ಚಿಕ್ಕಬೋರಮ್ಮ ಜುಲೈ ಕೊನೆಗೆ ರಿಟೈರು. ಎಸ್ಸೆಸ್ಸೆಲ್ಸಿ ಪಾಸಾದವಳಿಗೆ ಆ ಕೆಲಸ. ಬಾಕಿ ಇರುವ ಇಂಗ್ಲಿಷ್ ಪರೀಕ್ಷೆ ಇದೇ ಇಪ್ಪತ್ತೆಂಟಕ್ಕೆ.

ಮೇ 9

ಇವರು ಎಂದಿಲ್ಲದ ಹಾಗೆ ಕೊಟ್ಟಿಗೆ ಬಾಚಿದರು. ಡೈರಿಗೆ ಹಾಲು ಹಾಕಲು ತಾವೇ ಹೋಗುತ್ತಾರೆ, ಒಂದು ಗಂಟೆ ಬಿಟ್ಟು ಬರುತ್ತಾರೆ. ‘ನೀ ಓದ್ಕೊ, ಪಾಸಾಗು ಸಾಕು’ ಅನ್ನುತ್ತಾರೆ. ಅತ್ತೆಗೆ ಹೊಟ್ಟೆಯುರಿ. ‘ನಮ್ ನಿಂಗರಾಜ ಸಗಣಿ ಬಾಚದು ನೋಡೋ ಅಂಗಾಯ್ತಲ್ಲಪ್ಪ’ ಅಂತ ಬೀದಿಗೆಲ್ಲ ಕೇಳುವ ಹಾಗೆ. ನನಗೆ ಮಾತ್ರ ಕಣ್ಣು ತುಂಬಿ ಬಂತು. ಒಳ್ಳೆಯ ಗಂಡ, ಪುಣ್ಯ ಮಾಡಿದ್ದೆ.

ಮೇ 23, ಬೆಳಗ್ಗೆ 9

ಮೇಲಿನ ಸಾಲು ಹೊಡೆದು ಹಾಕಬೇಕು. ಪುಣ್ಯವಂತೆ ಪುಣ್ಯ!

ಇವರು ಕ್ಯಾನಿನ ಮುಚ್ಚಳ ಮರೆತು ಹೋಗಿದ್ದರು. ಕೊಡಲು ಡೈರಿಗೆ ಓಡಿದೆ. ನೋಡಿದರೆ ಸೆಕ್ರೆಟರಿ ಕುರ್ಚಿಯಲ್ಲಿ ಇವರು. ಪಕ್ಕದಲ್ಲಿ ಶಿವಣ್ಣ, ಹಾಲಿನ ಕೊಬ್ಬು ಅಳೆಯುವ ಫ್ಯಾಟ್ ಮೆಷಿನ್ ಒತ್ತುವುದು ಹೇಳಿಕೊಡುತ್ತಿದ್ದಾನೆ. ಬೋರ್ಡಿನಲ್ಲಿ ಅಧ್ಯಕ್ಷೆ ಶಿವಣ್ಣನ ಹೆಂಡತಿ ಜಯಲಕ್ಷ್ಮಮ್ಮ. ಆಕೆ ಡೈರಿ ಮೆಟ್ಟಿಲು ಹತ್ತಿದ್ದು ಯಾರೂ ಕಂಡಿಲ್ಲ, ಪುಸ್ತಕ ಅಡುಗೆಮನೆಗೇ ಹೋಗಿ ಸೈನಾಗಿ ಬರುತ್ತದೆ. ಚಿಕ್ಕಬೋರಮ್ಮನ ಕೆಲಸವೂ ಅವಳ ಗಂಡ ನಂಜಪ್ಪನದೇ. ಎಲ್ಲ ಗೊತ್ತಿತ್ತು. ನನ್ನ ಮನೆಗೂ ಬರುತ್ತದೆ ಅಂತ ಹೊಳೆದಿರಲಿಲ್ಲ. ಪೆದ್ದಿ ನಾನು.

ಶಿವಣ್ಣ ಹಲ್ಲು ಬಿಟ್ಟ. ‘ಬಾರಮ್ಮಿ, ನಿನ್ ಯಜಮಾನ ಎಂಗ್ ಕಲ್ತವ್ನೆ ನೋಡು. ನೀ ಪಾಸಾಗ್ಬುಡು, ಸೈನ್ ಆಕು. ಮಿಕ್ಕಿದ್ದ ಇವ್ನು ನೋಡ್ಕತಾನೆ.’ ಹಾಲು ಹಾಕಲು ನಿಂತವರೆಲ್ಲ ನಕ್ಕರು. ಹೆಂಗಸರೂ!

ಮನೆಗೆ ಬಂದ ಮೇಲೆ ಕೇಳಿದೆ. ‘ನಿಂಗೋಸ್ಕರನೇ ಕಣೆ. ದಿನಾ ಬೆಳಗಾದ್ರೆ ಜನದ ಜೊತೆ ಜಗಳ ಆಡಕ್ಕಾದದಾ ನಿನ್ ಕೈಲಿ?’ ಅಂದರು. ಆಗುತ್ತದೆ ಅಂದೆ, ಅಲ್ಲೇ ಆಡಿಯೂ ತೋರಿಸಿದೆ. ಅತ್ತೆ ಬಾಗಿಲು ಹಾಕಿಕೊಂಡರು.

ಮೇ 25

ಪಾಂಡವಪುರಕ್ಕೆ ಹೋಗಿ ಮೇಡಂ ಮುಂದೆ ನೋಟ್‌ಬುಕ್ ಬಿಸಾಡಿದೆ. ಪರೀಕ್ಷೆ ಬರೆಯಲ್ಲ, ಇವರಿಗೆ ಕುರ್ಚಿ ಮಾಡಿಕೊಡಲು ನಾನು ಓದಬೇಕಾ ಅಂದೆ. ಮೇಡಂ ಕಾಫಿ ಕುಡಿದು ಮುಗಿಸಿದರು.

‘ಬರೀಬೇಡ. ಇನ್ಯಾವಳೋ ಬರೀತಾಳೆ, ಅವಳ ಗಂಡ ಕೂರ್ತಾನೆ. ಪಾಸಾದ್ರೆ ಕುರ್ಚಿಗೆ ಜಗಳ ಆಡಬಹುದು. ಫೇಲಾದವಳು ಏನಿಟ್ಕೊಂಡು ಆಡ್ತಾಳೆ? ತೆಗಿ ಪುಸ್ತಕ.’

ಇವತ್ತಿನವು ಬೇರೆ ಥರ. ರಫ್, ಒರಟು. ಟಫ್, ಗಟ್ಟಿ. ಲಾಫ್, ನಗು. ಎನಫ್, ಸಾಕು. ಅದೇ ಜಿ-ಎಚ್, ಇಲ್ಲಿ ಬಾಯಿ ಬಿಡುತ್ತದೆ. ಸಿಟ್ಟಿನಲ್ಲಿ ಪೆನ್ನು ಒತ್ತಿ ಹಾಳೆ ಹರಿದುಹೋಯಿತು.

ಮೇ 28

ಬರೆದೆ.

ಜೂನ್ 27

ಇಂಗ್ಲಿಷ್ — ನಲವತ್ತೊಂದು. ಪಾಸ್! ಪಾಸ್! ಇವರು ಪೇಡ ತಂದರು, ಹೊಸ ಶರ್ಟೂ ಹೊಲಿಯಲು ಹಾಕಿ ಬಂದರು, ಡೈರಿಯಲ್ಲಿ ಕೂರಲು. ನನ್ನ ಪಾಲಿನ ಪೇಡ ಹಸುವಿಗೆ ಹಾಕಿದೆ.

ಜುಲೈ 31, ಸಂಜೆ

ನಾನೇ ಸೆಕ್ರೆಟರಿ ಅಂತ ಮೀಟಿಂಗಿನಲ್ಲಿ ಬರೆದಾಯಿತು. ಆದರೆ ಬೀಗದ ಕೈ ನಾಳೆ ಬೆಳಗ್ಗೆ ನಂಜಪ್ಪ ಇವರ ಕೈಗೆ ಕೊಡುವುದಂತೆ. ಗಂಡಸರಿಂದ ಗಂಡಸರಿಗೆ, ಪದ್ಧತಿ!

ಸೀದಾ ಚಿಕ್ಕಬೋರಮ್ಮನ ಮನೆಗೆ ಹೋದೆ. ಕೀ ಕೊಡಿ ಅಂದೆ. ಎದ್ದು, ಮೊಳೆಗೆ ನೇತುಹಾಕಿದ್ದ ಗಂಡನ ಶರ್ಟಿನ ಜೇಬಿಗೆ ಕೈ ಹಾಕಿದರು.

‘ಅನ್ನೆಲ್ಡು ವರ್ಸ ನನ್ ಎಸ್ರು ಕಣವ್ವ. ಒಂದಿನ ಬಾಗ್ಲು ತಗ್ದಿಲ್ಲ ನಾನು. ತಗ, ನೀನಾರ ತಗಿ.’

ಆಗಸ್ಟ್ 1, ಬೆಳಗ್ಗೆ 8.20, ಡೈರಿ

ಐದೂವರೆಗೇ ಬಾಗಿಲು ತೆಗೆದೆ. ಕುರ್ಚಿ ಒರೆಸಿ ಕೂತೆ. ಶಿವಣ್ಣ ಬಂದ, ಗುರಾಯಿಸಿದ, ಹೊರಗೆ ಹೋಗಿ ಬೀಡಿ ಹಚ್ಚಿದ.

ಆರಕ್ಕೆ ಇವರು ಬಂದರು, ಹೊಸ ಶರ್ಟು, ಕೈಯಲ್ಲಿ ಹಾಲಿನ ಕ್ಯಾನು. ಲೈನು ದಾಟಿಕೊಂಡು ಟೇಬಲ್ಲಿನ ಒಳಗಡೆಗೇ. ‘ಏಳು, ಆಯ್ತಲ್ಲ ನಿನ್ ಆಟ.’

‘ನಿಂಗರಾಜು, ಹಿಂದೆ ಹೋಗಿ ಲೈನಲ್ಲಿ ನಿಂತ್ಕೊಳಿ’ ಅಂದೆ.

ಹದಿನೆಂಟು ವರ್ಷದಲ್ಲಿ ಗಂಡನ ಹೆಸರು ಬಾಯಲ್ಲಿ ಹಿಡಿದಿರಲಿಲ್ಲ. ಈ ದಿನಚರಿಯಲ್ಲೂ ನಾನಾಗಿ ಬರೆದದ್ದು ‘ಇವರು’ ಅಂತಲೇ. ಲೈನಿನಲ್ಲಿ ನಿಂತವರಲ್ಲಿ ಒಬ್ಬಳು ಕಿಸಕ್ಕೆಂದಳು, ಈ ಸಲ ನನ್ನ ಮೇಲಲ್ಲ. ಇವರ ಮುಖ ಕಪ್ಪಿಟ್ಟಿತು. ಹೋಗಿ ನಿಂತರು. ಹನ್ನೊಂದು ಜನದ ಹಿಂದೆ. ಸರದಿ ಬಂದಾಗ ಎಲ್ಲರ ಹಾಲಿನ ಹಾಗೆಯೇ ತೂಗಿದೆ, ಫ್ಯಾಟ್ ನೋಡಿದೆ, ಬರೆದೆ.

ಈಗ ಎಲ್ಲರೂ ಹೋದರು. ಬಾಗಿಲಲ್ಲಿ ಇವರೊಬ್ಬರೇ. ‘ಮಾನ ಕಳ್ದಿದ್ದು ಸಾಕು. ಬೀಗದ್ ಕೈ ಕೊಡು ಇತ್ಲಾಗೆ’ ಅನ್ನುತ್ತಿದ್ದಾರೆ. ಸೆರಗಿನಲ್ಲಿದೆ. ಗಂಟನ್ನು ಇನ್ನೊಂದು ಸುತ್ತು ಬಿಗಿದೆ. ಸಂಜೆ ಹಾಲಿಗೂ ನಾನೇ ಬಂದು ಬಾಗಿಲು ತೆಗೆಯುವುದು.