ಹಂಗೇರಿಯ ಮುದುಕರ ಎಸಿ

ಥುಕ್ಬಾ, ಅಲ್ ಖೋಬರ್, ಸೌದಿ ಅರೇಬಿಯಾ
ಜೂನ್ 2014

ಅಜ್ಜನಿಗೆ ಫಾರಿಸ್‌ನ ಸಲಾಂ. ನೀವು ಫೋನ್ ಮುಟ್ಟುವುದಿಲ್ಲವಲ್ಲ, ಅದಕ್ಕೆ ಈ ಕಾರ್ಡ್.

ನಿನ್ನೆ ಎಸಿ ರಿಪೇರಿಗೆ ಹೋದ ಮನೆಯಲ್ಲಿ ಹಂಗೇರಿ ದೇಶದ ಒಬ್ಬ ಮುದುಕರಿದ್ದರು. ಅವರ ಊರಿನಲ್ಲಿ ನೂರು ಜನ ಒಟ್ಟಿಗೆ ಕೂತು ಬಾರಿಸುವಂಥ ಸಂಗೀತ ಬರೆದು ದೊಡ್ಡ ಹೆಸರು ಮಾಡಿದವರಂತೆ. ಹೆಂಡತಿ ತೀರಿಹೋದ ಮೇಲೆ ಒಂದು ಸಾಲೂ ಬರೆಯದೆ ಕೂತಿದ್ದರು, ಅದಕ್ಕೇ ಇಲ್ಲಿಗೆ ಕರೆಸಿಕೊಂಡೆ ಎಂದು ಮಗಳು ಹೇಳಿದಳು. ಅವರ ಕೋಣೆಯ ಎಸಿ ಗುಂಯ್ ಎನ್ನುತ್ತಿತ್ತು, ಮಗಳಿಗೆ ಅದರಿಂದ ತಲೆನೋವು. ನಾನು ಸ್ಕ್ರೂ ಬಿಗಿ ಮಾಡಿದೆ, ಸದ್ದು ನಿಂತಿತು. ಶಾಭಾಸ್ ಸಿಗುತ್ತದೆಂದು ನಿಂತಿದ್ದರೆ ಮುದುಕರು ಪೆನ್ಸಿಲ್ ಹಿಡಿದುಕೊಂಡೇ ಎದ್ದು ಬಂದರು, ಮುಖ ಬಾಡಿಹೋಗಿತ್ತು. ಎಂತ ಹೇಳುವುದು ಅಜ್ಜಾ, ಆ ಗುಂಯ್ ಸದ್ದನ್ನೇ ಶ್ರುತಿ ಮಾಡಿಕೊಂಡು ಅವರು ಮತ್ತೆ ಸಂಗೀತ ಬರೆಯಲು ಶುರುಮಾಡಿದ್ದರಂತೆ! ಮಗಳಿಗೇ ಗೊತ್ತಿರಲಿಲ್ಲ. ಅವಳು ಕಣ್ಣೊರೆಸಿಕೊಂಡು, ಇಲ್ಲಿ ಕಲಿತ ಹರಕು ಹಿಂದಿಯಲ್ಲಿ, "ಭಯ್ಯಾ, ಮೊದಲಿನ ಹಾಗೇ ಮಾಡಿಕೊಡಿ" ಎಂದಳು. ನಾನು ಸ್ಕ್ರೂ ಸಡಿಲಿಸುತ್ತಾ ಹೋದೆ. ಮುದುಕರು ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಕೈಸನ್ನೆ ಮಾಡಿ, ಮೊದಲಿನ ಸ್ವರ ಬಂದ ಕೂಡಲೇ ಕಣ್ಣು ಮುಚ್ಚಿಕೊಂಡರು.

ಇಲ್ಲಿ ಬಿಸಿಲು ಜೋರು, ಆದರೆ ನಾನು ಸೌಖ್ಯ. ನೀವು ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಕಂಪೆನಿ ಗಾಡಿ ಹಾರ್ನ್ ಹೊಡೆಯುತ್ತಿದೆ, ಇಷ್ಟು ಸಾಕು.

ಅಜ್ಜಿ ಹೋದ ಮೇಲೆ ಅವರ ಕೋಣೆಯ ಕಿರುಗುಟ್ಟುವ ಫ್ಯಾನ್ ರಿಪೇರಿ ಮಾಡುತ್ತೇನೆಂದಾಗ ನೀವು ನನ್ನ ಮೇಲೆ ರೇಗಿದ್ದಿರಿ. ರಜೆಯಲ್ಲಿ ಬಂದಾಗ ನಾನು ಅದಕ್ಕೆ ಎಣ್ಣೆ ಕೂಡ ಬಿಡುವುದಿಲ್ಲ.

ಫಾರಿಸ್